ಎರಡು ನಗರಗಳ ನಡುವಿನ ದೂರ, ವಿಮಾನಕ್ಕೆ ಬೇಕಾದ ಹೊತ್ತು: ನೀವೇ ಲೆಕ್ಕ ಹಾಕುವುದು ಹೇಗೆ?

ಲಂಡನ್‌ನಿಂದ ನ್ಯೂಯಾರ್ಕ್ ಎಷ್ಟು ದೂರ ಎಂದು ಹುಡುಕಿ ನೋಡಿ. ಒಂದು ಕಡೆ 5,570 ಕಿಲೋಮೀಟರ್ ಎಂದಿರುತ್ತದೆ, ಇನ್ನೊಂದು ಕಡೆ 5,585, ಮತ್ತೊಂದು ಕಡೆ 5,550. ಹೊತ್ತಿನ ವಿಷಯಕ್ಕೆ ಬಂದರೆ ಗೊಂದಲ ಇನ್ನೂ ಜಾಸ್ತಿ. ಒಬ್ಬರು 7 ಗಂಟೆ ಎನ್ನುತ್ತಾರೆ, ಇನ್ನೊಬ್ಬರು 8 ಎನ್ನುತ್ತಾರೆ. ಟಿಕೆಟ್ ನೋಡಿದರೆ ಬೆಳಗ್ಗೆ 11ಕ್ಕೆ ಹೊರಟು ಮಧ್ಯಾಹ್ನ 2ಕ್ಕೆ ಇಳಿಯುವುದು ಎಂದಿರುತ್ತದೆ. ಅಂದರೆ ಬರೀ 3 ಗಂಟೆ!

ಇವುಗಳಲ್ಲಿ ಯಾವುದೂ ಸುಳ್ಳಲ್ಲ. ಒಂದೊಂದು ಸಂಖ್ಯೆ ಒಂದೊಂದು ಬೇರೆ ಪ್ರಶ್ನೆಗೆ ಉತ್ತರ, ಅಷ್ಟೇ. ನಮಗೆ ಬೇಕಾದದ್ದು ಯಾವ ದೂರ, ಯಾವ ಹೊತ್ತು ಎಂದು ಮೊದಲೇ ಗೊತ್ತು ಮಾಡಿಕೊಂಡರೆ ಉಳಿದ ಲೆಕ್ಕಕ್ಕೆ ಒಂದು ಕ್ಯಾಲ್ಕುಲೇಟರ್ ಸಾಕು. ಹೆಚ್ಚಿನ ಮಾರ್ಗಗಳಿಗೆ ಮುಕ್ಕಾಲು ಗಂಟೆ ಆಚೀಚೆ ಬರುವಂತೆ ನೀವೇ ಅಂದಾಜು ಹೇಳಬಹುದು. ಅಂದಾಜು ಎಲ್ಲಿ ಕೈಕೊಡುತ್ತದೆ ಎಂಬುದನ್ನೂ ಮುಂದೆ ಹೇಳುತ್ತೇನೆ.

ಹಂತ 1: ಯಾವ ದೂರ ಬೇಕು?

ದೂರದಲ್ಲಿ ಮೂರು ಬಗೆ. ಭೂಮಿಯ ಮೇಲ್ಮೈ ಮೇಲೆ ಎರಡು ಬಿಂದುಗಳ ನಡುವಿನ ಅತಿ ಚಿಕ್ಕ ದೂರ ಮೊದಲನೆಯದು. ಇದನ್ನು ವಾಯುಮಾರ್ಗದ ದೂರ ಅಥವಾ ನೇರ ದೂರ ಎನ್ನುತ್ತಾರೆ. ಎರಡನೆಯದು ವಿಮಾನ ನಿಜಕ್ಕೂ ಹಾರಿದ ದೂರ. ಇದು ಯಾವಾಗಲೂ ಮೊದಲನೆಯದಕ್ಕಿಂತ ಸ್ವಲ್ಪ ಜಾಸ್ತಿ, ಕೆಲವು ಸಲ ತುಂಬಾ ಜಾಸ್ತಿ. ಮೂರನೆಯದು ರಸ್ತೆಯ ದೂರ.

ರಸ್ತೆಯ ದೂರಕ್ಕೂ ನೇರ ದೂರಕ್ಕೂ ಖಚಿತ ಸಂಬಂಧವಿಲ್ಲ. ಬಯಲು ಸೀಮೆಯಲ್ಲಿ ರಸ್ತೆ ಕಾಲು ಭಾಗದಷ್ಟು ಜಾಸ್ತಿ ಇರಬಹುದು. ನಡುವೆ ಬೆಟ್ಟವೋ ನೀರೋ ಬಂದರೆ ಲೆಕ್ಕವೇ ಬದಲಾಗುತ್ತದೆ. ಬ್ಯೂನಸ್ ಐರಿಸ್ ಮತ್ತು ಮಾಂಟೆವಿಡಿಯೊ ನೇರವಾಗಿ ಸುಮಾರು 200 ಕಿ.ಮೀ. ದೂರದಲ್ಲಿವೆ. ರಸ್ತೆಯಲ್ಲಿ ಹೋದರೆ ಲಾ ಪ್ಲಾಟಾ ನದಿಯ ಅಗಲವಾದ ಮುಖವನ್ನು ಬಳಸಿಕೊಂಡು ಸುಮಾರು 600 ಕಿ.ಮೀ. ಸಾಗಬೇಕು. ಆದ್ದರಿಂದ ನಕ್ಷೆಯ ಆ್ಯಪ್ ತೋರಿಸುವ ಡ್ರೈವಿಂಗ್ ದೂರ ಹಿಡಿದು ವಿಮಾನದ ಹೊತ್ತು ಲೆಕ್ಕ ಹಾಕಬೇಡಿ.

ಹಂತ 2: ಎಲ್ಲಿಂದ ಎಲ್ಲಿಗೆ ಎಂದು ಸರಿಯಾಗಿ ಗುರುತಿಸಿ

ನಗರದಿಂದ ನಗರಕ್ಕೆ ಎಂದಾಗ ಸಾಮಾನ್ಯವಾಗಿ ನಗರದ ಮಧ್ಯಭಾಗದಿಂದ ಅಳೆಯುತ್ತಾರೆ. ವಿಮಾನ ಇಳಿಯುವುದು ಮಾತ್ರ ನಿಲ್ದಾಣದಲ್ಲಿ. ಟೋಕಿಯೊದ ನರಿಟಾ ನಿಲ್ದಾಣ ನಗರದ ಮಧ್ಯದಿಂದ ಸುಮಾರು 60 ಕಿ.ಮೀ. ಆಚೆ ಇದೆ, ಹನೆಡಾ ಹತ್ತಿರದಲ್ಲೇ ಇದೆ. ಲಂಡನ್‌ಗೆ ಹೀಥ್ರೂ, ಗ್ಯಾಟ್ವಿಕ್, ಸ್ಟಾನ್‌ಸ್ಟೆಡ್, ಲೂಟನ್ ಹೀಗೆ ಹಲವು ನಿಲ್ದಾಣಗಳಿವೆ. ದೂರದ ಹಾರಾಟದಲ್ಲಿ ಇದರಿಂದ ದೊಡ್ಡ ವ್ಯತ್ಯಾಸ ಬರುವುದಿಲ್ಲ. ಆದರೆ ಇಳಿದ ಮೇಲೆ ಮನೆ ಸೇರುವ ಹೊತ್ತಿಗೆ ಇದರಿಂದ ಒಂದು ಗಂಟೆಯ ಹೆಚ್ಚುಕಮ್ಮಿ ಆಗಬಹುದು.

ಹೆಸರಿನ ಮೇಲೂ ಒಂದು ಕಣ್ಣಿರಲಿ. ಸಿಡ್ನಿ ಆಸ್ಟ್ರೇಲಿಯಾದಲ್ಲಿದೆ, ಕೆನಡಾದ ನೋವಾ ಸ್ಕಾಟಿಯಾದಲ್ಲೂ ಇದೆ. ಸ್ಯಾನ್ ಹೋಸೆ ಕ್ಯಾಲಿಫೋರ್ನಿಯಾದಲ್ಲೂ ಇದೆ, ಕೋಸ್ಟರಿಕಾದಲ್ಲೂ ಇದೆ. ಬರ್ಮಿಂಗ್‌ಹ್ಯಾಮ್ ಇಂಗ್ಲೆಂಡ್‌ನಲ್ಲಿ ಒಂದು, ಅಲಬಾಮಾದಲ್ಲಿ ಇನ್ನೊಂದು. ಹೆಸರು ಬರೆದು ಹುಡುಕುವ ಬದಲು ನಿಲ್ದಾಣದ ಮೂರಕ್ಷರದ ಕೋಡ್ ಬಳಸಿದರೆ ಈ ತಲೆನೋವೇ ಇಲ್ಲ. ಹೀಥ್ರೂಗೆ ಎಲ್‌ಎಚ್‌ಆರ್, ನ್ಯೂಯಾರ್ಕ್‌ನ ಕೆನಡಿ ನಿಲ್ದಾಣಕ್ಕೆ ಜೆಎಫ್‌ಕೆ. ಈ ಕೋಡ್ ಟಿಕೆಟ್ ಮೇಲೂ ಬ್ಯಾಗಿನ ಟ್ಯಾಗ್ ಮೇಲೂ ಇರುತ್ತದೆ.

ಹಂತ 3: ನೇರ ದೂರ ಅಳೆಯುವುದು

ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ದೂರದ ವಿಷಯದಲ್ಲಿ ಹೆಚ್ಚು ಜನ ದಾರಿ ತಪ್ಪುವುದು ಇಲ್ಲೇ.

ಗೋಡೆಗೆ ನೇತುಹಾಕಿದ ವಿಶ್ವದ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಗೆರೆ ಎಳೆದರೆ ಅದು ಅತಿ ಚಿಕ್ಕ ದಾರಿ ಆಗುವುದಿಲ್ಲ. ನಾವು ಹೆಚ್ಚಾಗಿ ನೋಡುವ ನಕ್ಷೆ 1569ರಲ್ಲಿ ಮರ್ಕೇಟರ್ ಎಂಬಾತ ಹಡಗಿನವರಿಗೆಂದು ರೂಪಿಸಿದ ಕ್ರಮದ್ದು. ಅದರಲ್ಲಿ ದಿಕ್ಕು ಸರಿಯಾಗಿರುತ್ತದೆ, ಆದರೆ ಧ್ರುವಗಳತ್ತ ಹೋದಂತೆ ಎಲ್ಲವೂ ಹಿಗ್ಗುತ್ತದೆ. ಗುಂಡಗಿನ ಭೂಮಿಯ ಮೇಲೆ ಎರಡು ಊರುಗಳ ನಡುವಿನ ಅತಿ ಚಿಕ್ಕ ದಾರಿಗೆ ಮಹಾವೃತ್ತದ ದಾರಿ ಎಂದು ಹೆಸರು. ಒಂದು ಗ್ಲೋಬ್ ಸಿಕ್ಕಿದರೆ ಎರಡೂ ಊರುಗಳ ಮೇಲೆ ದಾರ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಎಲ್ಲಿ ಕೂರುತ್ತದೋ ಅದೇ ಆ ದಾರಿ.

ನ್ಯೂಯಾರ್ಕ್ ಮತ್ತು ಬೀಜಿಂಗ್ ಇದಕ್ಕೆ ಒಳ್ಳೆಯ ಉದಾಹರಣೆ. ಎರಡೂ ಸುಮಾರು 40 ಡಿಗ್ರಿ ಉತ್ತರ ಅಕ್ಷಾಂಶದಲ್ಲಿವೆ. ನಕ್ಷೆ ನೋಡಿದರೆ ಅದೇ ಗೆರೆಯ ಮೇಲೆ ನೇರ ಹೋದರೆ ಆಯ್ತಲ್ಲ ಅನ್ನಿಸುತ್ತದೆ. ಹಾಗೆ ಹೋದರೆ 14,000 ಕಿ.ಮೀ. ದಾಟುತ್ತದೆ. ಮಹಾವೃತ್ತದ ದಾರಿ ಉತ್ತರ ಧ್ರುವದ ಹತ್ತಿರ ಹಾದು ಹೋಗುತ್ತದೆ, ಅದರ ಉದ್ದ ಸುಮಾರು 11,000 ಕಿ.ಮೀ. ಮಾತ್ರ. ಮೂರು ಸಾವಿರ ಕಿಲೋಮೀಟರ್ ಉಳಿತಾಯ! ಅದೇ ಮ್ಯಾಡ್ರಿಡ್ ಮತ್ತು ನ್ಯೂಯಾರ್ಕ್ ತೆಗೆದುಕೊಳ್ಳಿ. ಇವೂ ಹೆಚ್ಚುಕಡಿಮೆ ಒಂದೇ ಅಕ್ಷಾಂಶದವು. ಅಲ್ಲಿ ಉಳಿತಾಯ 170 ಕಿ.ಮೀ. ಅಷ್ಟೇ. ದೂರ ಹೆಚ್ಚಿದಷ್ಟೂ ಧ್ರುವದ ಕಡೆಗೆ ಹೋದಷ್ಟೂ ನಕ್ಷೆಯ ಮೋಸ ಜಾಸ್ತಿ.

ಅಳೆಯಲು ಸುಲಭದ ದಾರಿ ಇದು. ಕಂಪ್ಯೂಟರ್‌ನಲ್ಲಿ ಗೂಗಲ್ ಮ್ಯಾಪ್ಸ್ ತೆರೆದು ಒಂದು ನಿಲ್ದಾಣದ ಮೇಲೆ ಮೌಸ್‌ನ ಬಲ ಬಟನ್ ಒತ್ತಿ. ದೂರ ಅಳೆಯುವ ಆಯ್ಕೆ ಬರುತ್ತದೆ. ಆಮೇಲೆ ಎರಡನೇ ನಿಲ್ದಾಣದ ಮೇಲೆ ಕ್ಲಿಕ್ ಮಾಡಿ. ಗೆರೆ ಬಾಗಿದಂತೆ ಕಂಡರೆ ಗಾಬರಿ ಬೇಡ, ಅದೇ ಮಹಾವೃತ್ತ. ಗೂಗಲ್ ಅರ್ಥ್‌ನಲ್ಲೂ ಹೀಗೇ ಅಳೆಯಬಹುದು. ಗ್ರೇಟ್ ಸರ್ಕಲ್ ಮ್ಯಾಪರ್ ಎಂಬ ತಾಣದಲ್ಲಿ ಎರಡು ನಿಲ್ದಾಣಗಳ ಕೋಡ್ ಕೊಟ್ಟರೆ ದೂರವೂ ದಾರಿಯೂ ಒಟ್ಟಿಗೆ ಬರುತ್ತವೆ. ನನಗೆ ಇದೇ ಹೆಚ್ಚು ಇಷ್ಟ, ಬೇರೇನೂ ಕೇಳದೆ ಕೆಲಸ ಮುಗಿಸುತ್ತದೆ.

ಕೈಯಾರೆ ಲೆಕ್ಕ ಹಾಕುವವರಿಗೆ

ಇದರಲ್ಲಿ ಆಸಕ್ತಿ ಇಲ್ಲದವರು ನೇರವಾಗಿ ಮುಂದಿನ ಹಂತಕ್ಕೆ ಹೋಗಬಹುದು. ಎರಡೂ ಜಾಗಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಉತ್ತರ ಮತ್ತು ಪೂರ್ವಕ್ಕೆ ಕೂಡುವ ಚಿಹ್ನೆ, ದಕ್ಷಿಣ ಮತ್ತು ಪಶ್ಚಿಮಕ್ಕೆ ಕಳೆಯುವ ಚಿಹ್ನೆ. ಮೊದಲ ಊರಿನ ಅಕ್ಷಾಂಶ ಅ1, ಎರಡನೆಯದರದ್ದು ಅ2, ರೇಖಾಂಶಗಳ ವ್ಯತ್ಯಾಸ ರೇ ಎಂದುಕೊಳ್ಳಿ. ಆಗ:

ಕಾಸ್(ಕೋನ) = ಸೈನ್(ಅ1) × ಸೈನ್(ಅ2) + ಕಾಸ್(ಅ1) × ಕಾಸ್(ಅ2) × ಕಾಸ್(ರೇ)

ಬಂದ ಕೋನವನ್ನು ಡಿಗ್ರಿಯಲ್ಲಿ ತೆಗೆದುಕೊಂಡು 111.195ರಿಂದ ಗುಣಿಸಿದರೆ ಕಿಲೋಮೀಟರ್ ಸಿಗುತ್ತದೆ. ಈ 111.195 ಎಲ್ಲಿಂದ ಬಂತು? ಭೂಮಿಯ ಸರಾಸರಿ ತ್ರಿಜ್ಯ 6,371 ಕಿ.ಮೀ. ಅದರ ಸುತ್ತಳತೆಯನ್ನು 360ರಿಂದ ಭಾಗಿಸಿದರೆ ಒಂದು ಡಿಗ್ರಿಗೆ ಇಷ್ಟು ಬರುತ್ತದೆ.

ಮಾಡಿಯೇ ನೋಡೋಣ. ಲಂಡನ್ 51.51 ಉತ್ತರ, 0.13 ಪಶ್ಚಿಮ. ನ್ಯೂಯಾರ್ಕ್ 40.71 ಉತ್ತರ, 74.01 ಪಶ್ಚಿಮ. ರೇಖಾಂಶದ ವ್ಯತ್ಯಾಸ 73.88. ಎರಡು ಸೈನ್‌ಗಳ ಗುಣಲಬ್ಧ 0.7827 × 0.6522 = 0.5105. ಮೂರು ಕಾಸ್‌ಗಳದ್ದು 0.6224 × 0.7580 × 0.2776 = 0.1310. ಕೂಡಿದರೆ 0.6415. ಯಾವ ಕೋನದ ಕಾಸ್ 0.6415? ಸುಮಾರು 50.1 ಡಿಗ್ರಿ. 111.195ರಿಂದ ಗುಣಿಸಿದರೆ ಸುಮಾರು 5,570 ಕಿ.ಮೀ. ಬಂತು, ನೋಡಿ.

ಇಲ್ಲಿ ಎಡವುವ ಜಾಗ ಒಂದಿದೆ. ಕ್ಯಾಲ್ಕುಲೇಟರ್ ಡಿಗ್ರಿ ಮೋಡ್‌ನಲ್ಲಿರಬೇಕು. ಸ್ಪ್ರೆಡ್‌ಶೀಟ್‌ಗಳು ಕೋನವನ್ನು ರೇಡಿಯನ್ ಎಂಬ ಇನ್ನೊಂದು ಅಳತೆಯಲ್ಲೇ ಕೇಳುತ್ತವೆ, ಹಾಗಾಗಿ ಅಲ್ಲಿ ಡಿಗ್ರಿಯನ್ನು ಮೊದಲು ರೇಡಿಯನ್‌ಗೆ ಬದಲಿಸಿ. ತೀರಾ ಹತ್ತಿರದ ಜಾಗಗಳಿಗೆ ಹ್ಯಾವರ್‌ಸೈನ್ ಎಂಬ ಇನ್ನೊಂದು ಸೂತ್ರ ವಾಸಿ. ನಗರಗಳ ನಡುವಿನ ಲೆಕ್ಕಕ್ಕೆ ಮೇಲಿನದು ಧಾರಾಳ ಸಾಕು.

ಹಾಗಾದರೆ 5,585 ಎಲ್ಲಿಂದ ಬಂತು? ಭೂಮಿ ಪೂರ್ತಿ ಗುಂಡಗಿಲ್ಲ. ಸಮಭಾಜಕದ ಹತ್ತಿರ ತ್ರಿಜ್ಯ 6,378 ಕಿ.ಮೀ., ಧ್ರುವದತ್ತ 6,357. ಈ ಚಪ್ಪಟೆತನವನ್ನೂ ಸೇರಿಸಿ ಲೆಕ್ಕ ಹಾಕುವ ತಾಣಗಳು ಕೊಂಚ ಬೇರೆ ಉತ್ತರ ಕೊಡುತ್ತವೆ. ವ್ಯತ್ಯಾಸ ಹೆಚ್ಚೆಂದರೆ ನೂರಕ್ಕೆ ಅರ್ಧ. ಇನ್ನು 5,550 ನಿಲ್ದಾಣದಿಂದ ನಿಲ್ದಾಣಕ್ಕೆ ಇರುವ ದೂರ. ವಿಮಾನದ ಹೊತ್ತು ಲೆಕ್ಕ ಹಾಕುವವರಿಗೆ ಈ ಮೂರೂ ಒಂದೇ. ಇದಕ್ಕೆ ತಲೆ ಕೆಡಿಸಿಕೊಳ್ಳುವುದು ಬೇಡ.

ಉತ್ತರ ಪರೀಕ್ಷಿಸಲು ಒಂದು ಉಪಾಯ: ಭೂಮಿಯ ಮೇಲೆ ಯಾವ ಎರಡು ಜಾಗಗಳೂ ಸುಮಾರು 20,000 ಕಿ.ಮೀ.ಗಿಂತ ದೂರ ಇರಲು ಸಾಧ್ಯವಿಲ್ಲ. ಅದಕ್ಕಿಂತ ಜಾಸ್ತಿ ಬಂದರೆ ಎಲ್ಲೋ ಲೆಕ್ಕ ತಪ್ಪಿದೆ.

ಹಂತ 4: ಅಳತೆ ಯಾವುದು?

ಇದು ಎರಡೇ ಮಾತು. ಮೈಲಿ ಎಂದರೆ 1.609 ಕಿ.ಮೀ. ವಿಮಾನದವರು, ಹಡಗಿನವರು ಬಳಸುವ ನಾಟಿಕಲ್ ಮೈಲಿ ಎಂದರೆ 1.852 ಕಿ.ಮೀ. ಗಂಟೆಗೆ ಒಂದು ನಾಟಿಕಲ್ ಮೈಲಿ ವೇಗಕ್ಕೆ ಒಂದು ನಾಟ್. ಹೀಥ್ರೂದಿಂದ ಕೆನಡಿ ನಿಲ್ದಾಣ 3,450 ಮೈಲಿ, ಅದೇ ದೂರ 3,000 ನಾಟಿಕಲ್ ಮೈಲಿ. ಬರೀ ಮೈಲಿ ಎಂದು ಬರೆದ ಕಡೆ ಯಾವ ಮೈಲಿ ಎಂದು ನೋಡಿಕೊಳ್ಳಿ, ನೂರಕ್ಕೆ 15ರಷ್ಟು ವ್ಯತ್ಯಾಸ ಇದೆ.

ಹಂತ 5: ವಿಮಾನ ಆ ದಾರಿಯಲ್ಲೇ ಹೋಗುತ್ತದೆಯೇ?

ಪೂರ್ತಿ ಹೋಗುವುದಿಲ್ಲ. ಎಷ್ಟು ಬದಿಗೆ ಸರಿಯುತ್ತದೆ ಎಂಬುದೇ ಪ್ರಶ್ನೆ. ಸಾಮಾನ್ಯ ದಿನದಲ್ಲಿ ಹಾರಿದ ದೂರ ನೇರ ದೂರಕ್ಕಿಂತ ನೂರಕ್ಕೆ ನಾಲ್ಕೈದು ಜಾಸ್ತಿ ಎಂದು ಹಿಡಿಯಿರಿ. ಹೊರಡುವಾಗ ರನ್‌ವೇ ದಿಕ್ಕಿಗೆ ಏರಿ ತಿರುಗಬೇಕು, ಇಳಿಯುವಾಗ ಸರದಿಯಲ್ಲಿ ಕಾಯಬೇಕು, ನಡುವೆ ಗೊತ್ತಾದ ವಾಯುಮಾರ್ಗ ಹಿಡಿಯಬೇಕು. ಉತ್ತರ ಅಟ್ಲಾಂಟಿಕ್ ಮೇಲೆ ಆ ದಿನದ ಗಾಳಿ ನೋಡಿ ಪ್ರತಿದಿನ ಹೊಸದಾಗಿ ದಾರಿಗಳನ್ನು ಗೊತ್ತು ಮಾಡುತ್ತಾರೆ. ಹಾಗಾಗಿ ನಿನ್ನೆಯ ದಾರಿ ಇವತ್ತು ಇರಬೇಕೆಂದಿಲ್ಲ.

ಕೆಲವು ಮಾರ್ಗಗಳಲ್ಲಿ ಈ ಸುತ್ತು ದೊಡ್ಡದು. ಅದಕ್ಕೆ ಮುಖ್ಯ ಕಾರಣ ಮುಚ್ಚಿದ ವಾಯುಪ್ರದೇಶ. 2022ರಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಯುರೋಪಿನ ಹಲವು ವಿಮಾನ ಕಂಪನಿಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಹೆಲ್ಸಿಂಕಿಯಿಂದ ಟೋಕಿಯೊಗೆ ನೇರ ದೂರ 8,000 ಕಿ.ಮೀ.ಗೂ ಕಡಿಮೆ. ಮೊದಲು ಒಂಬತ್ತೂವರೆ ಗಂಟೆಯ ಆಸುಪಾಸಿನಲ್ಲಿ ಮುಗಿಯುತ್ತಿದ್ದ ಪ್ರಯಾಣ ಈಗ ಸುಮಾರು 13 ಗಂಟೆ. ವಿಮಾನ ಒಂದೋ ಉತ್ತರ ಧ್ರುವದ ಮೇಲಿಂದ ಹೋಗಬೇಕು, ಇಲ್ಲವೇ ದಕ್ಷಿಣದಿಂದ ಸುತ್ತಬೇಕು. ಊರುಗಳು ಇದ್ದಲ್ಲೇ ಇವೆ, ದೂರದ ಸೂತ್ರವೂ ಅದೇ. ಆದರೂ ಸೂತ್ರ ನಂಬಿದವರಿಗೆ ಮೂರು ಗಂಟೆಗೂ ಜಾಸ್ತಿ ತಪ್ಪುತ್ತದೆ.

ಇನ್ನೊಂದು ಕಾರಣ ಸುರಕ್ಷತೆ. ಟಿಬೆಟ್ ಪ್ರಸ್ಥಭೂಮಿಯ ಮೇಲೆ ವಿಮಾನಗಳು ಅಪರೂಪ. ಕ್ಯಾಬಿನ್‌ನಲ್ಲಿ ಗಾಳಿಯ ಒತ್ತಡ ಕಡಿಮೆಯಾದರೆ ವಿಮಾನ ತಕ್ಷಣ ಸುಮಾರು 10,000 ಅಡಿಗೆ ಇಳಿಯಬೇಕು. ಅಲ್ಲಿ ನೆಲವೇ ಅದಕ್ಕಿಂತ ಎತ್ತರ. ಹಾಗೆಯೇ ಎರಡು ಎಂಜಿನ್‌ನ ವಿಮಾನಗಳು ಒಂದು ಎಂಜಿನ್ ನಿಂತರೂ ಗೊತ್ತಾದ ನಿಮಿಷಗಳೊಳಗೆ ಯಾವುದಾದರೂ ನಿಲ್ದಾಣ ಮುಟ್ಟುವಂತಿರಬೇಕು. ದಕ್ಷಿಣ ಗೋಳಾರ್ಧದ ಸಾಗರಗಳ ಮೇಲೆ ಈ ನಿಯಮದಿಂದಾಗಿ ದಾರಿ ಕೆಲವೊಮ್ಮೆ ಬಾಗುತ್ತದೆ.

ಹಂತ 6: ಮೊದಲ ಅಂದಾಜು

ಈಗ ಹೊತ್ತು. ನನ್ನ ಲೆಕ್ಕ ಸರಳ: ದೂರವನ್ನು 850ರಿಂದ ಭಾಗಿಸಿ, ಅದಕ್ಕೆ ಅರ್ಧ ಗಂಟೆ ಸೇರಿಸಿ.

850 ಯಾಕೆ? ಜೆಟ್ ವಿಮಾನಗಳು ಸುಮಾರು 35,000 ಅಡಿ ಎತ್ತರದಲ್ಲಿ ಹಾರುತ್ತವೆ. ಅಲ್ಲಿನ ಚಳಿಯಲ್ಲಿ ಶಬ್ದದ ವೇಗ ಗಂಟೆಗೆ ಸುಮಾರು 1,060 ಕಿ.ಮೀ. ಬೋಯಿಂಗ್ 787ರಂಥ ದೊಡ್ಡ ವಿಮಾನಗಳು ಅದರ ನೂರಕ್ಕೆ 85ರಷ್ಟು ವೇಗದಲ್ಲಿ, ಅಂದರೆ ಗಂಟೆಗೆ 900 ಕಿ.ಮೀ. ಹಾರುತ್ತವೆ. ಏರ್‌ಬಸ್ ಎ320ರಂಥವು ನೂರಕ್ಕೆ 78ರಷ್ಟು, ಅಂದರೆ 830ರ ಹತ್ತಿರ. ದಾರಿಯ ಸುತ್ತನ್ನೂ ಲೆಕ್ಕಕ್ಕೆ ಹಿಡಿದರೆ 850 ಒಳ್ಳೆಯ ಮಧ್ಯದ ಸಂಖ್ಯೆ. ಸೇರಿಸಿದ ಅರ್ಧ ಗಂಟೆ ಏರುವಾಗ, ಇಳಿಯುವಾಗ ಮತ್ತು ನೆಲದ ಮೇಲೆ ನಿಧಾನವಾಗಿ ಸಾಗುವಾಗ ಹೋಗುವ ಹೊತ್ತಿಗೆ. ಫ್ಯಾನ್ ತಿರುಗುವ ಎಟಿಆರ್ 72ರಂಥ ಚಿಕ್ಕ ವಿಮಾನವಾದರೆ 850ರ ಬದಲು 500 ಹಿಡಿಯಿರಿ.

ಸಿಂಗಾಪುರದಿಂದ ನ್ಯೂಯಾರ್ಕ್ ನಿಗದಿತ ವಿಮಾನಗಳಲ್ಲೇ ಅತಿ ಉದ್ದದ ಮಾರ್ಗಗಳಲ್ಲಿ ಒಂದು, ಸುಮಾರು 15,350 ಕಿ.ಮೀ. 850ರಿಂದ ಭಾಗಿಸಿದರೆ 18 ಗಂಟೆ, ಅರ್ಧ ಸೇರಿಸಿದರೆ ಹದಿನೆಂಟೂವರೆ. ವೇಳಾಪಟ್ಟಿಯಲ್ಲೂ 18ರಿಂದ 19 ಗಂಟೆಯ ನಡುವೆಯೇ ಇರುತ್ತದೆ. ಇಷ್ಟು ಒರಟು ಲೆಕ್ಕಕ್ಕೆ ಇಷ್ಟು ಹತ್ತಿರದ ಉತ್ತರ ಸಾಕಲ್ವಾ?

ಚಿಕ್ಕ ಮಾರ್ಗಗಳಲ್ಲಿ ಲೆಕ್ಕ ಕೈಕೊಡುತ್ತದೆ. ಲಂಡನ್‌ನ ಹೀಥ್ರೂದಿಂದ ಪ್ಯಾರಿಸ್‌ಗೆ ಸುಮಾರು 350 ಕಿ.ಮೀ. ಲೆಕ್ಕದ ಪ್ರಕಾರ 55 ನಿಮಿಷ. ವೇಳಾಪಟ್ಟಿಯಲ್ಲಿ ಒಂದು ಕಾಲು ಗಂಟೆಯ ಆಸುಪಾಸು ಕೊಟ್ಟಿರುತ್ತಾರೆ. ಅಷ್ಟು ದೂರದಲ್ಲಿ ವಿಮಾನ ಪೂರ್ತಿ ವೇಗ ಹಿಡಿಯುವ ಹೊತ್ತಿಗೆ ಇಳಿಯುವ ತಯಾರಿ ಶುರುವಾಗಿರುತ್ತದೆ. 35,000 ಅಡಿಯಿಂದ ಇಳಿಯಲು 200 ಕಿ.ಮೀ. ಮೊದಲೇ ಶುರು ಮಾಡಬೇಕು. 10,000 ಅಡಿಗಿಂತ ಕೆಳಗೆ ಸಾಮಾನ್ಯವಾಗಿ 250 ನಾಟ್ ಮೀರುವಂತಿಲ್ಲ. ಆದ್ದರಿಂದ 800 ಕಿ.ಮೀ. ಒಳಗಿನ ಮಾರ್ಗ, ಅದರಲ್ಲೂ ದಟ್ಟಣೆಯ ನಿಲ್ದಾಣಗಳ ನಡುವಿನದಾದರೆ ಅರ್ಧ ಗಂಟೆಯ ಬದಲು ಮುಕ್ಕಾಲು ಗಂಟೆ ಅಥವಾ ಅದಕ್ಕಿಂತ ತುಸು ಜಾಸ್ತಿ ಸೇರಿಸಿ.

ಹಂತ 7: ಗಾಳಿಯನ್ನು ಸೇರಿಸಿ

ಲಂಡನ್‌ನಿಂದ ನ್ಯೂಯಾರ್ಕ್‌ಗೆ ಹೋಗುವಾಗ 8 ಗಂಟೆ, ಬರುವಾಗ 7 ಗಂಟೆ ಯಾಕೆ ಎಂದು ಎಲ್ಲರೂ ಕೇಳುತ್ತಾರೆ. ಭೂಮಿ ತಿರುಗುವುದರಿಂದ ಊರೇ ನಮ್ಮ ಹತ್ತಿರ ಬರುತ್ತದೆ ಎಂಬ ಉತ್ತರ ತುಂಬಾ ಜನಪ್ರಿಯ, ಆದರೆ ತಪ್ಪು. ಭೂಮಿಯ ಜೊತೆ ಗಾಳಿಯೂ ತಿರುಗುತ್ತದೆ, ಅದರೊಳಗಿರುವ ವಿಮಾನವೂ. ನಿಜವಾದ ಕಾರಣ ಜೆಟ್ ಸ್ಟ್ರೀಮ್. ಎರಡೂ ಗೋಳಾರ್ಧಗಳ ಮಧ್ಯ ಅಕ್ಷಾಂಶಗಳಲ್ಲಿ, ವಿಮಾನ ಹಾರುವ ಎತ್ತರದಲ್ಲೇ ಪಶ್ಚಿಮದಿಂದ ಪೂರ್ವಕ್ಕೆ ಗಾಳಿಯ ಹೊಳೆಯೊಂದು ಹರಿಯುತ್ತದೆ. ಗಂಟೆಗೆ 150 ಕಿ.ಮೀ. ವೇಗ ಅಲ್ಲಿ ಮಾಮೂಲಿ. ಚಳಿಗಾಲದಲ್ಲಿ ಅದರ ಎರಡರಷ್ಟೂ ಆಗಬಹುದು. ವಿಮಾನದ ಪಾಡು ಹೊಳೆಯಲ್ಲಿನ ದೋಣಿಯದ್ದೇ: ಹುಟ್ಟು ಅಷ್ಟೇ ಹಾಕಿದರೂ ಹರಿವಿನ ಜೊತೆ ಬೇಗ, ಎದುರು ನಿಧಾನ.

2020ರ ಫೆಬ್ರವರಿಯಲ್ಲಿ ಸಿಯಾರಾ ಚಂಡಮಾರುತದ ಸಮಯದಲ್ಲಿ ಬ್ರಿಟಿಷ್ ಏರ್‌ವೇಸ್‌ನ ಬೋಯಿಂಗ್ 747 ನ್ಯೂಯಾರ್ಕ್‌ನಿಂದ ಲಂಡನ್‌ಗೆ 4 ಗಂಟೆ 56 ನಿಮಿಷದಲ್ಲಿ ಬಂದಿಳಿಯಿತು. ನೆಲದ ಲೆಕ್ಕದಲ್ಲಿ ಅದರ ವೇಗ ಗಂಟೆಗೆ 1,300 ಕಿ.ಮೀ. ದಾಟಿತ್ತು. ಹಾಗೆಂದು ಅದು ಶಬ್ದದ ವೇಗ ಮೀರಿರಲಿಲ್ಲ. ಸುತ್ತಲಿನ ಗಾಳಿಗೆ ಹೋಲಿಸಿದರೆ ಅದರ ವೇಗ ಎಂದಿನಷ್ಟೇ. ಶಬ್ದವನ್ನು ನಿಜಕ್ಕೂ ಮೀರಿದ್ದು ಕಾಂಕಾರ್ಡ್. ಅದು 1996ರ ಫೆಬ್ರವರಿ 7ರಂದು ಇದೇ ದಾರಿಯನ್ನು 3 ಗಂಟೆಗೂ ಕಡಿಮೆ ಹೊತ್ತಿನಲ್ಲಿ, 2 ಗಂಟೆ 53 ನಿಮಿಷದೊಳಗೆ ಮುಗಿಸಿತು.

ಲೆಕ್ಕಕ್ಕೆ ಹೀಗೆ ಮಾಡಿ. ಮಧ್ಯ ಅಕ್ಷಾಂಶಗಳಲ್ಲಿ ಉದ್ದ ಹಾರಾಟ ಪಶ್ಚಿಮಕ್ಕಾದರೆ ನೂರಕ್ಕೆ 10 ಸೇರಿಸಿ, ಪೂರ್ವಕ್ಕಾದರೆ ನೂರಕ್ಕೆ 5ರಿಂದ 8 ಕಳೆಯಿರಿ. ಟೋಕಿಯೊದಿಂದ ಲಾಸ್ ಏಂಜಲೀಸ್ ಸುಮಾರು 8,800 ಕಿ.ಮೀ. ಗಾಳಿ ಇಲ್ಲದಿದ್ದರೆ 10 ಗಂಟೆ 50 ನಿಮಿಷ. ಪೂರ್ವಕ್ಕೆ ಹೋಗುವಾಗ 10, ವಾಪಸ್ ಬರುವಾಗ 12ರ ಹತ್ತಿರ ಎಂದು ಅಂದಾಜು ಬರುತ್ತದೆ, ವೇಳಾಪಟ್ಟಿಯೂ ಹೆಚ್ಚುಕಡಿಮೆ ಹೀಗೇ ಇರುತ್ತದೆ. ಸಮಭಾಜಕದ ಹತ್ತಿರ, ಅಥವಾ ಉತ್ತರ ದಕ್ಷಿಣವಾಗಿ ಹೋಗುವ ಮಾರ್ಗಗಳಲ್ಲಿ ಈ ತಿದ್ದುಪಡಿ ಬೇಡ.

ಹೋಗಿಬರುವ ಒಟ್ಟು ಲೆಕ್ಕದಲ್ಲಿ ಗಾಳಿಯ ಲಾಭ ನಷ್ಟ ಸಮ ಆಗುತ್ತದೆ ಅಂದುಕೊಳ್ಳಬೇಡಿ. 900ರ ವೇಗದ ವಿಮಾನಕ್ಕೆ 100ರ ಗಾಳಿ ಸಿಕ್ಕಿತೆನ್ನಿ. 5,550 ಕಿ.ಮೀ. ಹೋಗಲು 5.55 ಗಂಟೆ, ಬರಲು 6.94 ಗಂಟೆ, ಒಟ್ಟು 12.49. ಗಾಳಿಯೇ ಇಲ್ಲದಿದ್ದರೆ 12.33. ಎದುರುಗಾಳಿಯಲ್ಲಿ ಜಾಸ್ತಿ ಹೊತ್ತು ಕಳೆಯುತ್ತೇವೆ, ಅದಕ್ಕೇ ನಷ್ಟದ ತೂಕ ಹೆಚ್ಚು.

ಹಂತ 8: ಯಾವ ಹೊತ್ತು?

ಪೈಲಟ್ 6 ಗಂಟೆ 20 ನಿಮಿಷ ಎಂದು ಹೇಳುತ್ತಾರೆ, ಟಿಕೆಟ್‌ನಲ್ಲಿ 7 ಗಂಟೆ ಇರುತ್ತದೆ. ಪೈಲಟ್ ಹೇಳುವುದು ಸಾಮಾನ್ಯವಾಗಿ ಗಾಳಿಯಲ್ಲಿರುವ ಹೊತ್ತು. ಟಿಕೆಟ್‌ನದ್ದು ಗೇಟ್ ಬಿಟ್ಟಾಗಿನಿಂದ ಗೇಟ್ ಸೇರುವವರೆಗಿನ ಹೊತ್ತು, ಇದನ್ನು ಬ್ಲಾಕ್ ಟೈಮ್ ಎನ್ನುತ್ತಾರೆ. ಜೊತೆಗೆ ಕಂಪನಿಗಳು ಸಮಯಕ್ಕೆ ಸರಿಯಾಗಿ ತಲುಪಿದೆವು ಎನ್ನಿಸಿಕೊಳ್ಳಲು ವೇಳಾಪಟ್ಟಿಯಲ್ಲಿ ಸ್ವಲ್ಪ ಸಡಿಲ ಬಿಟ್ಟಿರುತ್ತವೆ. ತಡವಾಗಿ ಹೊರಟ ವಿಮಾನ ಸಮಯಕ್ಕೇ ಇಳಿಯುವುದು ಬಹಳ ಸಲ ಈ ಸಡಿಲದಿಂದ.

ನಮಗೆ ನಿಜಕ್ಕೂ ಬೇಕಾದದ್ದು ಮನೆ ಬಾಗಿಲಿನಿಂದ ಹೋಗುವ ಜಾಗದ ಬಾಗಿಲವರೆಗಿನ ಹೊತ್ತು. ನಿಲ್ದಾಣಕ್ಕೆ ಹೋಗುವ ಹೊತ್ತು, ದೇಶದೊಳಗಾದರೆ 2 ಗಂಟೆ, ವಿದೇಶಕ್ಕಾದರೆ 3 ಗಂಟೆ ಮುಂಚೆ ತಲುಪುವುದು, ಇಳಿದ ಮೇಲೆ ಇಮಿಗ್ರೇಶನ್, ಲಗೇಜ್, ಅಲ್ಲಿಂದ ಊರೊಳಕ್ಕೆ. ಇವೆಲ್ಲ ಸೇರಿದರೆ ಒಂದು ಗಂಟೆಯ ಹಾರಾಟ ಸುಲಭವಾಗಿ ಐದು ಗಂಟೆಯ ಪ್ರಯಾಣ ಆಗುತ್ತದೆ. ಲಂಡನ್ ಪ್ಯಾರಿಸ್ ನಡುವೆ ಸುರಂಗದ ರೈಲು ನಗರದ ಮಧ್ಯದಿಂದ ಮಧ್ಯಕ್ಕೆ ಸುಮಾರು ಎರಡು ಕಾಲು ಗಂಟೆಯಲ್ಲಿ ಮುಟ್ಟಿಸುತ್ತದೆ. ಒಳ್ಳೆಯ ರೈಲಿರುವ ಕಡೆ 500 ಕಿ.ಮೀ. ಒಳಗೆ ವಿಮಾನ ಹಿಡಿಯುವುದರಲ್ಲಿ ನನಗಂತೂ ಅರ್ಥ ಕಾಣುವುದಿಲ್ಲ.

ಹಂತ 9: ಗಡಿಯಾರದ ಲೆಕ್ಕ

ಟಿಕೆಟ್ ಮೇಲಿನ ಎರಡೂ ಸಮಯ ಆಯಾ ಊರಿನದ್ದು. ಹಾಗಾಗಿ ಸುಮ್ನೆ ಒಂದರಿಂದ ಇನ್ನೊಂದನ್ನು ಕಳೆಯಬಾರದು. ಎರಡನ್ನೂ ಯುಟಿಸಿಗೆ, ಅಂದರೆ ಜಗತ್ತಿಗೆಲ್ಲ ಒಂದೇ ಆದ ಸಮಯಕ್ಕೆ ಬದಲಿಸಿ, ಆಮೇಲೆ ಕಳೆಯಿರಿ. ಲಂಡನ್ ಚಳಿಗಾಲದಲ್ಲಿ ಯುಟಿಸಿಯಲ್ಲೇ ಇರುತ್ತದೆ, ನ್ಯೂಯಾರ್ಕ್ 5 ಗಂಟೆ ಹಿಂದೆ. 11ಕ್ಕೆ ಹೊರಟದ್ದು ಯುಟಿಸಿ 11. ನ್ಯೂಯಾರ್ಕ್‌ನ ಮಧ್ಯಾಹ್ನ 2 ಎಂದರೆ ಯುಟಿಸಿ ಸಂಜೆ 7. ಪ್ರಯಾಣ 8 ಗಂಟೆ.

ದಿನಾಂಕ ರೇಖೆ, ಅಂದರೆ ಪೆಸಿಫಿಕ್ ಸಾಗರದಲ್ಲಿ ದಿನಾಂಕ ಬದಲಾಗುವ ಗೆರೆ ದಾಟುವಾಗಲೂ ಇದೇ ವಿಧಾನ. ಚಳಿಗಾಲದಲ್ಲಿ ಟೋಕಿಯೊದಿಂದ ಸಂಜೆ 5ಕ್ಕೆ ಹೊರಟಿರಿ ಎಂದುಕೊಳ್ಳಿ. ಟೋಕಿಯೊ 9 ಗಂಟೆ ಮುಂದೆ, ಆದ್ದರಿಂದ ಯುಟಿಸಿ ಬೆಳಗ್ಗೆ 8. 10 ಗಂಟೆ ಹಾರಿದರೆ ಯುಟಿಸಿ ಸಂಜೆ 6. ಲಾಸ್ ಏಂಜಲೀಸ್ 8 ಗಂಟೆ ಹಿಂದೆ, ಅಲ್ಲಿ ಅದೇ ದಿನ ಬೆಳಗ್ಗೆ 10. ಹೊರಡುವ ಮೊದಲೇ ತಲುಪಿದಿರಿ! ವಾಪಸ್ ಬರುವಾಗ ಆ ದಿನ ಬಡ್ಡಿ ಸಮೇತ ಹೋಗುತ್ತದೆ. ಬೆಳಗ್ಗೆ 11ಕ್ಕೆ ಹೊರಟರೆ 12 ಗಂಟೆಯ ಹಾರಾಟದ ನಂತರ ಟೋಕಿಯೊದಲ್ಲಿ ಮರುದಿನ ಸಂಜೆ 4. ಟಿಕೆಟ್‌ನಲ್ಲಿ ಸಮಯದ ಪಕ್ಕ ಚಿಕ್ಕದಾಗಿ +1 ಎಂದಿದ್ದರೆ ಅದರ ಅರ್ಥ ಮರುದಿನ. ಹೋಟೆಲ್ ಬುಕ್ ಮಾಡುವಾಗ ಇದನ್ನು ನೋಡದೆ ಬಿಡಬೇಡಿ.

ದಿನಾಂಕ ರೇಖೆಯ ಆಟ ನೋಡಬೇಕೆಂದರೆ ಸಮೋವಾ ಮತ್ತು ಅಮೆರಿಕನ್ ಸಮೋವಾ ನೋಡಿ. ಪಕ್ಕದ ದ್ವೀಪಗಳು, ಹಾರಾಟ ಒಂದು ಗಂಟೆಯೊಳಗೆ. ಸಮೋವಾ 2011ರ ಡಿಸೆಂಬರ್ 30ನ್ನೇ ಬಿಟ್ಟು ರೇಖೆಯ ಈಚೆಗೆ ಬಂತು. ಈಗ ಎರಡೂ ಕಡೆ ಗಡಿಯಾರ ಒಂದೇ ಸಮಯ ತೋರಿಸುತ್ತದೆ, ದಿನಾಂಕ ಮಾತ್ರ ಒಂದು ದಿನ ಬೇರೆ.

ಇದಕ್ಕಿಂತ ನಯವಾಗಿ ಮೋಸ ಮಾಡುವುದು ಬೇಸಿಗೆಯ ಗಡಿಯಾರ. ಅಮೆರಿಕದಲ್ಲಿ ಮಾರ್ಚ್ ಎರಡನೇ ಭಾನುವಾರ ಗಡಿಯಾರ ಒಂದು ಗಂಟೆ ಮುಂದೆ ಹೋಗುತ್ತದೆ. ಬ್ರಿಟನ್ ಮತ್ತು ಯುರೋಪಿನಲ್ಲಿ ಮಾರ್ಚ್ ಕೊನೆಯ ಭಾನುವಾರ. ನಡುವಿನ ಎರಡು ಮೂರು ವಾರ ಲಂಡನ್ ನ್ಯೂಯಾರ್ಕ್ ವ್ಯತ್ಯಾಸ 5 ಅಲ್ಲ, 4 ಗಂಟೆ. ಅಕ್ಟೋಬರ್ ಕೊನೆಯಲ್ಲೂ ಒಂದು ವಾರ ಹೀಗೇ. ಜಪಾನ್, ಸಿಂಗಾಪುರ ಗಡಿಯಾರ ಮುಟ್ಟುವುದೇ ಇಲ್ಲ. ಆಸ್ಟ್ರೇಲಿಯಾದಲ್ಲಿ ಸಿಡ್ನಿ ಬದಲಿಸುತ್ತದೆ, ಬ್ರಿಸ್ಬೇನ್ ಬದಲಿಸುವುದಿಲ್ಲ. ಆದ್ದರಿಂದ ವ್ಯತ್ಯಾಸವನ್ನು ಇವತ್ತಿಗಲ್ಲ, ಪ್ರಯಾಣದ ದಿನಕ್ಕೆ ನೋಡಿ.

ಹಂತ 10: ದಾಖಲೆ ನೋಡಿ

ಸೂತ್ರ ಎಷ್ಟೇ ಚೆನ್ನಾಗಿದ್ದರೂ ನಾನು ಹೆಚ್ಚು ನಂಬುವುದು ಹಳೆಯ ಹಾರಾಟಗಳನ್ನು. ಫ್ಲೈಟ್‌ರೇಡಾರ್24, ಫ್ಲೈಟ್‌ಅವೇರ್‌ನಂಥ ತಾಣಗಳಲ್ಲಿ ವಿಮಾನದ ಸಂಖ್ಯೆ ಕೊಟ್ಟರೆ ಹಿಂದಿನ ದಿನಗಳಲ್ಲಿ ಅದು ಎಷ್ಟು ಹೊತ್ತಿಗೆ ಹೊರಟಿತು, ಎಷ್ಟಕ್ಕೆ ಇಳಿಯಿತು, ಯಾವ ದಾರಿ ಹಿಡಿಯಿತು ಎಲ್ಲ ಕಾಣುತ್ತದೆ. ಒಂದು ದಿನದ್ದನ್ನು ನೋಡಿ ಬಿಡಬೇಡಿ, ಒಂದು ವಾರದ್ದು ನೋಡಿ. ಅತಿ ಕಡಿಮೆ ಎಷ್ಟು, ಅತಿ ಜಾಸ್ತಿ ಎಷ್ಟು ಎಂದು ಬರೆದುಕೊಳ್ಳಿ. ನಿಮ್ಮ ಅಂದಾಜು ಈ ಎರಡರ ನಡುವೆ ಬರಬೇಕು. ಒಂದು ಗಂಟೆಗೂ ಜಾಸ್ತಿ ತಪ್ಪಿದ್ದರೆ ಹಂತ 5ಕ್ಕೆ ವಾಪಸ್ ಹೋಗಿ, ದಾರಿಯಲ್ಲಿ ಏನೋ ಸುತ್ತು ಇದೆ.

ಹಂತ 11: ನೇರ ವಿಮಾನ ಇಲ್ಲದಿದ್ದರೆ

ಮೊದಲು ಒಂದು ಎಚ್ಚರಿಕೆ. ನಾನ್‌ಸ್ಟಾಪ್ ಎಂದರೆ ನಡುವೆ ಎಲ್ಲೂ ನಿಲ್ಲುವುದಿಲ್ಲ. ಡೈರೆಕ್ಟ್ ಎಂದರೆ ವಿಮಾನದ ಸಂಖ್ಯೆ ಬದಲಾಗುವುದಿಲ್ಲ ಅಷ್ಟೇ, ನಡುವೆ ಎಲ್ಲಾದರೂ ಇಳಿದು ಹತ್ತಬಹುದು.

ಬದಲಿಸುವ ಊರನ್ನು ಆರಿಸುವಾಗ ಎರಡೂ ತುಂಡುಗಳ ದೂರ ಕೂಡಿ, ನೇರ ದೂರದ ಜೊತೆ ಹೋಲಿಸಿ. ಲಂಡನ್‌ನಿಂದ ಸಿಡ್ನಿಗೆ ನೇರ ದೂರ ಸುಮಾರು 17,000 ಕಿ.ಮೀ. ಸಿಂಗಾಪುರದ ಮೂಲಕ ಹೋದರೆ ಸುಮಾರು 17,200, ದುಬೈ ಮೂಲಕ 17,500. ಲಾಸ್ ಏಂಜಲೀಸ್ ಮೂಲಕ ಹೋದರೆ 20,800. ಮೊದಲ ಎರಡು ಹೆಚ್ಚುಕಡಿಮೆ ದಾರಿಯಲ್ಲೇ ಇವೆ, ಮೂರನೆಯದಕ್ಕೆ ಸುಮಾರು ನಾಲ್ಕೂವರೆ ಗಂಟೆ ಜಾಸ್ತಿ ಹಾರಬೇಕು. ಇನ್ನು ಒಟ್ಟು ಹೊತ್ತು: ಸಿಂಗಾಪುರದ ದಾರಿಗೆ 17,200ನ್ನು 850ರಿಂದ ಭಾಗಿಸಿದರೆ 20 ಗಂಟೆ ಚಿಲ್ಲರೆ, ಎರಡು ಹಾರಾಟಕ್ಕೆ ತಲಾ ಅರ್ಧ ಗಂಟೆ, ನಡುವೆ ಕಾಯಲು ಎರಡು ಗಂಟೆ. ಒಟ್ಟು 23ರ ಆಸುಪಾಸು.

ಆ ಕಾಯುವ ಹೊತ್ತನ್ನು ತೀರಾ ಕಡಿಮೆ ಇಟ್ಟುಕೊಳ್ಳಬೇಡಿ. ಎರಡೂ ಹಾರಾಟ ಒಂದೇ ಟಿಕೆಟ್‌ನಲ್ಲಿದ್ದರೆ ಆ ನಿಲ್ದಾಣಕ್ಕೆ ಕನಿಷ್ಠ ಎಷ್ಟು ಹೊತ್ತು ಬೇಕೋ ಅಷ್ಟನ್ನು ನೋಡಿಯೇ ಕಂಪನಿ ಟಿಕೆಟ್ ಕೊಟ್ಟಿರುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಸಾಮಾನ್ಯವಾಗಿ ಅವರೇ ಮುಂದಿನದಕ್ಕೆ ಹತ್ತಿಸುತ್ತಾರೆ. ನೀವೇ ಎರಡು ಬೇರೆ ಟಿಕೆಟ್ ತೆಗೆದುಕೊಂಡಿದ್ದರೆ ಆ ಭರವಸೆ ಇಲ್ಲ. ಲಗೇಜ್ ತೆಗೆದುಕೊಂಡು, ಬೇಕಾದರೆ ಇಮಿಗ್ರೇಶನ್ ದಾಟಿ, ಮತ್ತೆ ಚೆಕ್ ಇನ್ ಮಾಡಬೇಕು. ಚೆಕ್ ಇನ್ ಕೌಂಟರ್ ವಿಮಾನ ಹೊರಡುವ 45 ನಿಮಿಷದಿಂದ ಒಂದು ಗಂಟೆ ಮುಂಚೆಯೇ ಮುಚ್ಚುತ್ತದೆ ಎಂಬುದನ್ನೂ ಸೇರಿಸಿದರೆ ಇಂಥ ಪ್ರಯಾಣಕ್ಕೆ ನಡುವೆ ನಾಲ್ಕು ಗಂಟೆ ಬೇಕು. ಆ ಮಾರ್ಗದಲ್ಲಿ ದಿನಕ್ಕೆ ಒಂದೇ ವಿಮಾನ ಇದ್ದರೆ ಒಂದು ರಾತ್ರಿ ಅಲ್ಲೇ ಉಳಿಯುವಂತೆ ಬುಕ್ ಮಾಡುವುದು ವಾಸಿ.